ತೊಂಬತ್ತೆರಡನೇ ಪುಟದ ನಾಲಿಗೆ

ಆಗಸ್ಟ್ ೯, ಶನಿವಾರ
ಸ್ಟಾಫ್ ರೂಮು, ಕಿಟಕಿ ಪಕ್ಕದ ಮೇಜು

ಪ್ರೀತಿಯ ಗುಬ್ಬಿ,

ಮಂಡಿನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರಲೇಬೇಕು, ಯಾಕೆಂದರೆ ಈ ಪತ್ರದಲ್ಲಿ ನಿನಗೆ ತಲೆಬಿಸಿ ಕಾದಿದೆ. ಒಂದು ಲೋಟ ಚಹಾ ಮಾಡಿಕೊಂಡು ಕೂತು ಓದು.

ಏಪ್ರಿಲ್‌ನಲ್ಲಿ ನಿಮ್ಮ ಪಠ್ಯಪುಸ್ತಕ ಸಮಿತಿಯಿಂದ ಫಾರ್ಮು ಬಂದಿತ್ತು. ಹತ್ತನೇ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲಿ ಬದಲಾಗಬೇಕಾದ್ದು ಏನಾದರೂ ಇದೆಯೇ ಎಂದು ಕೇಳಿದ್ದಿರಿ. ಉತ್ತರಕ್ಕೆ ಎಂದಿನಂತೆ ಅರ್ಧ ಗೆರೆಯ ಜಾಗ. ನಾನೂ ಎಂದಿನಂತೆ ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿ ಕಳಿಸಿದೆ. ಅದನ್ನು ಹರಿದು ಹಾಕು. ತೊಂಬತ್ತೆರಡನೇ ಪುಟದ ಚಟುವಟಿಕೆ ಪುಸ್ತಕದಿಂದ ಹೋಗಬೇಕು, ಅದೂ ಈ ಮುದ್ರಣದಲ್ಲೇ. ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆಂದು ಗೊತ್ತು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನಗಿಸುತ್ತೀ, ನಾನು ನಕ್ಕು ಇಟ್ಟುಬಿಡುತ್ತೇನೆ.

ಯಾವ ಪುಟ ಅಂತ ನಿನಗೆ ಹೇಳಬೇಕಾಗಿಲ್ಲ. ನೀನು ಬರೆದದ್ದು, ನಾನು ಚಿತ್ರ ಹಾಕಿದ್ದು. ಇಪ್ಪತ್ತಾರು ವರ್ಷದ ಹಿಂದೆ ನಿನ್ನ ಬಾಡಿಗೆ ಕೋಣೆಯ ನೆಲದ ಮೇಲೆ ಕೂತು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದೆವು. ನಾಲಿಗೆಯ ಎರಡೂ ಅಂಚು ಮೇಲೆತ್ತಿ ದೋಣಿಯ ಹಾಗೆ ಮಡಚಬಲ್ಲವರು ನಿಮ್ಮ ಮನೆಯಲ್ಲಿ ಯಾರು, ಕೋಷ್ಟಕ ತುಂಬಿ ತನ್ನಿ. ಇದು ಒಂದೇ ವಂಶವಾಹಿಯ ಪ್ರಬಲ ಗುಣ. ಅಪ್ಪ ಅಮ್ಮ ಇಬ್ಬರಿಗೂ ಬಾರದಿದ್ದರೆ ಮಗುವಿಗೆ ಬರಲು ಸಾಧ್ಯವಿಲ್ಲ. ಆ ‘ಸಾಧ್ಯವಿಲ್ಲ’ವನ್ನು ದಪ್ಪಕ್ಷರದಲ್ಲಿ ಹಾಕಿಸಿದವಳು ನಾನೇ.

ಎಂಥ ಗಮ್ಮತ್ತಿನ ಪಾಠ ಅದು, ಗುಬ್ಬಿ. ಟೀಚರಿಗೆ ನಾಲಿಗೆ ಚಾಚಿ ತೋರಿಸಲು ಮಕ್ಕಳಿಗೆ ಸಿಗುವ ಒಂದೇ ದಿನ. ಹಿಂದಿನ ಬೆಂಚಿನ ಮಹಾಶಯರೂ ಅವತ್ತು ಎದ್ದು ಕೂತಿರುತ್ತಾರೆ.

ಈ ವರ್ಷ ಎರಡನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ನಮ್ಮ ಶಾಲೆಯ ಯೂನಿಫಾರಂ ಹೊಲಿಯುವ ಟೈಲರ ಮಗಳು, ಪ್ರಶ್ನೆ ಕೇಳಿ ಜೀವ ತಿನ್ನುವ ಜಾತಿ. ತರಗತಿಯಲ್ಲಿ ಅವಳ ನಾಲಿಗೆ ಸೊಗಸಾಗಿ ದೋಣಿಯಾಯಿತು. ಮಾರನೇ ದಿನ ತಂದ ಕೋಷ್ಟಕದಲ್ಲಿ ಅಪ್ಪ ಇಲ್ಲ, ಅಮ್ಮ ಇಲ್ಲ, ತನ್ನ ಹೆಸರಿನ ಮುಂದಿದ್ದ ‘ಹೌದು’ ಅಳಿಸಿ ‘ಇಲ್ಲ’ ಎಂದು ಬರೆದಿದ್ದಳು. ಅಳಿಸಿ ಅಳಿಸಿ ಕಾಗದ ತೂತಾಗಿತ್ತು. ನಾನು ಏನು ಮಾಡಿದೆ ಹೇಳು? ಕೆಂಪು ಶಾಯಿಯಲ್ಲಿ ಬರೆದೆ: ತಪ್ಪು, ನಿನಗೆ ಬರುತ್ತದೆ, ನಾನೇ ನೋಡಿದ್ದೇನೆ.

ಆಮೇಲೆ ಮೂರು ದಿನ ಅವಳು ಬರಲಿಲ್ಲ. ನಾಲ್ಕನೇ ದಿನ ಟೈಲರೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು, ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಮೇಡಂ, ನಾನು ಓದಿದ್ದು ಏಳನೇ ಕ್ಲಾಸು, ಪುಸ್ತಕದಲ್ಲಿರೋದು ನಿಜಾನಾ ಅಂತ ನೀವೇ ಹೇಳಿಬಿಡಿ ಅಂದರು. ಮಗಳು ತಾಯಿಯನ್ನು ಕೇಳಿದ್ದಾಳೆ, ನಾನು ಯಾರ ಮಗಳು ಅಂತ. ತಾಯಿ ಮೊದಲು ನಕ್ಕು, ಆಮೇಲೆ ಅತ್ತು, ಈಗ ಮಾತೇ ಬಿಟ್ಟಿದ್ದಾರೆ. ಅಜ್ಜಿ ಮಾತ್ರ ಮಾತು ನಿಲ್ಲಿಸಿಲ್ಲ. ಹುಡುಗಿ ಅಪ್ಪನ ಜೊತೆ ಊಟಕ್ಕೆ ಕೂರುತ್ತಿಲ್ಲ. ನಂಗೆ ಅವಳಮ್ಮನ ಮೇಲೆ ಅನುಮಾನ ಇಲ್ಲ ಮೇಡಂ, ಆದ್ರೆ ಅಚ್ಚಾದ ಅಕ್ಷರದ ಮುಂದೆ ಏನಂತ ಹೇಳ್ಲಿ, ಅಂದರು. ನಾಳೆ ಮನೆಗೆ ಬಂದು ಹೇಳ್ತೀನಿ ಎಂದಷ್ಟೇ ಹೇಳಿ ಕಳಿಸಿದೆ.

ಅದು ತಪ್ಪು ಎಂದು ಅಲ್ಲೇ ಹೇಳಬಹುದಿತ್ತು. ಹನ್ನೊಂದು ವರ್ಷದ ಹಿಂದೆ ನೀನೇ ಬರೆದಿದ್ದೆಯಲ್ಲ, ಇದು ಅಷ್ಟು ಸರಳ ಅಲ್ಲವಂತೆ ಕಣೇ, ಒಂದೇ ವಂಶವಾಹಿಯ ಕೆಲಸ ಅಲ್ಲವಂತೆ, ಕೆಲವರು ಅಭ್ಯಾಸದಿಂದಲೂ ಕಲಿಯುತ್ತಾರಂತೆ, ತೆಗೆದುಬಿಡೋಣವಾ ಎಂದು. ಮಕ್ಕಳು ಇಷ್ಟಪಡುವ ಒಂದೇ ಒಂದು ಪುಟ, ಅದರ ಮೇಲೆ ಯಾಕೆ ಕಣ್ಣು ನಿನಗೆ ಎಂದು ನಾನು ಗದರಿಸಿದೆ. ನೀನು ಪಾಪ ಸುಮ್ಮನಾದೆ. ನಿನ್ನ ತಪ್ಪು ಇಷ್ಟೇ, ನನ್ನ ಮಾತು ಕೇಳಿದ್ದು.

ಟೈಲರು ಹೋದ ಮೇಲೆ ಲ್ಯಾಬಿನ ಬೀರು ತೆಗೆದೆ. ಹಳೆಯ ಕೋಷ್ಟಕಗಳನ್ನೆಲ್ಲ ಅಲ್ಲಿ ತುಂಬಿಟ್ಟಿದ್ದೇನೆ. ಗೆದ್ದಲು ತಿಂದು ಒಂಬತ್ತು ವರ್ಷದವು ಉಳಿದಿವೆ. ಒಂದೊಂದೇ ಹಾಳೆ ಬಿಡಿಸಿ ನೋಡಿದೆ. ಅಪ್ಪ ಅಮ್ಮ ಇಬ್ಬರಿಗೂ ಬಾರದೆ ಮಗುವಿಗೆ ಮಾತ್ರ ಬರುವ ಮನೆಗಳು ನಲವತ್ತೊಂದು. ಪ್ರತಿಯೊಂದರ ಮೇಲೂ ನನ್ನದೇ ಕೆಂಪು ಅಕ್ಷರ: ಮತ್ತೊಮ್ಮೆ ನೋಡಿಕೊಂಡು ಬಾ. ಪ್ರತಿಯೊಬ್ಬರೂ ಮಾರನೇ ದಿನ ಸರಿಮಾಡಿಕೊಂಡು ಬಂದಿದ್ದಾರೆ. ಕೆಲವರು ಅಪ್ಪನದನ್ನು ತಿದ್ದಿದ್ದಾರೆ, ಕೆಲವರು ಅಮ್ಮನದನ್ನು. ಪುಸ್ತಕ ಗೆಲ್ಲಲಿ ಎಂದು ನಲವತ್ತೊಂದು ಮಕ್ಕಳ ಕೈಯಲ್ಲಿ ನಾನು ಸುಳ್ಳು ಬರೆಸಿದ್ದೇನೆ. ಅದಕ್ಕೆ ಅಂಕವನ್ನೂ ಕೊಟ್ಟಿದ್ದೇನೆ. ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅತ್ತೆ, ಮುಚ್ಚಿಡುವುದೇನು.

ಮಾರನೇ ದಿನ ಸಂಜೆ ಆ ಕಟ್ಟನ್ನು ಹೊತ್ತುಕೊಂಡು ಟೈಲರ ಮನೆಗೆ ಹೋದೆ. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಪಕ್ಕ ಒಂದೊಂದೇ ತೋಳು ಹಚ್ಚಿದ ಅಂಗಿಗಳು ನೇತಾಡುತ್ತಿದ್ದವು. ಹುಡುಗಿ ಒಳಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಪುಸ್ತಕ ತಪ್ಪು, ನಾನೂ ತಪ್ಪು ಎಂದು ಸುತ್ತಿ ಬಳಸದೆ ಹೇಳಿ ನಲವತ್ತೊಂದು ಹಾಳೆ ಹರಡಿದೆ. ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡು, ಅಯ್ಯೋ ಶಿವನೇ, ನಲವತ್ತೊಂದು ಮನೇಲೂ ಹೀಗೇನಾ ಅಂದರು. ನೋಡು, ಇನ್ನೂ ನಲವತ್ತೊಂದು ಹೆಂಗಸರ ಮಾನ ಅಲ್ಲೇ ಹೋಗುತ್ತಿತ್ತು.

ಆಗ ನೆನಪಾದದ್ದು ಆ ಅವಳಿ ಹುಡುಗಿಯರು. ನಿನಗೆ ಹೇಳಿದ್ದೆನಲ್ಲ, ಒಂದೇ ಅಚ್ಚಿನಲ್ಲಿ ತೆಗೆದಂಥವರು, ಹೆತ್ತ ತಾಯಿಯೇ ಜಡೆಯ ರಿಬ್ಬನ್ ನೋಡಿ ಗುರುತಿಸುತ್ತಿದ್ದರು. ಒಬ್ಬಳಿಗೆ ದೋಣಿ ಬರುತ್ತಿತ್ತು, ಇನ್ನೊಬ್ಬಳಿಗೆ ಜಪ್ಪಯ್ಯ ಅಂದರೂ ಇಲ್ಲ. ಸೋಮಾರಿ ಎಂದು ಬೈದು ಅವಳನ್ನು ಎರಡು ವಾರ ಊಟದ ಬಿಡುವಿನಲ್ಲಿ ಕನ್ನಡಿ ಹಿಡಿಸಿ ಕೂರಿಸಿದ್ದೆ. ಅಜ್ಜಿಗೆ ಹೇಳಿದೆ: ಒಂದೇ ಹೊಟ್ಟೆ, ಒಂದೇ ದಿನ, ಒಂದೇ ರೂಪ, ಆದರೂ ನಾಲಿಗೆ ಮಾತ್ರ ಬೇರೆ. ಅಪ್ಪ ಯಾರು ಅಂತ ಹೇಳೋ ಯೋಗ್ಯತೆ ಆ ನಾಲಿಗೆಗೆ ಇಲ್ಲ. ಅಜ್ಜಿ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಕನ್ನಡಕ ಹಾಕ್ಕೊಂಡು ಇಷ್ಟು ವರ್ಷ ಓದಿ, ಇದು ನಿಂಗೆ ತಿಳೀಬೇಕಾದ್ರೆ ನಮ್ಮ ಮನೆ ಒಡೀಬೇಕಿತ್ತೇನಮ್ಮ ಅಂದರು.

ಅಷ್ಟಕ್ಕೇ ಬಿಡದೆ, ಹೇಗಿದ್ರೂ ಅವಳ ಕಾಲ್ಬೆರಳು ನನ್ನ ಮಗನದೇ ಅಂತ ಶುರು ಮಾಡಿದರು. ಅದರಿಂದಲೂ ಏನೂ ಸಾಬೀತಾಗಲ್ಲ ಅಜ್ಜಿ ಅಂದೆ. ಸುಮ್ಮನಿರಬಹುದಿತ್ತು, ಆದರೆ ಇನ್ನು ಮೇಲೆ ಅನುಕೂಲದ ಸುಳ್ಳನ್ನೂ ಬಿಡುವುದೆಂದು ತೀರ್ಮಾನಿಸಿದ್ದೆ. ಹುಡುಗಿ ಪರದೆಯ ಹಿಂದೆ ಕಿಸಕ್ಕೆಂದಳು. ಆಮೇಲೆ ಹೊರಗೆ ಬಂದು ಅಪ್ಪನ ಪಕ್ಕ ಕೂತಳು. ಟೈಲರು ಮಗಳ ತಲೆಯ ಮೇಲೆ ಅಂಟಿದ್ದ ದಾರದ ಎಳೆಯನ್ನು ತೆಗೆದರು.

ಹೊರಡುವಾಗ ಹುಡುಗಿಯ ತಾಯಿ ಬಾಗಿಲ ತನಕ ಬಂದರು. ನಿಮ್ಮ ಮನೇಲಿ ಹೇಗೆ ಮೇಡಂ, ನಿಮಗೆ ಬರುತ್ತಾ ಅಂತ ಮೆಲ್ಲಗೆ ಕೇಳಿದರು. ಚಪ್ಪಲಿ ಹುಡುಕುವ ನೆಪ ಮಾಡಿ ಬಂದುಬಿಟ್ಟೆ.

ಬುಧವಾರ ಹುಡುಗಿ ಶಾಲೆಗೆ ಬಂದಳು, ಬರಿಗೈಯಲ್ಲಿ ಅಲ್ಲ. ಅಪ್ಪನ ಹಳೆಯ ಟೇಪೊಂದನ್ನು ತಂದು, ಹೌದು–ಇಲ್ಲ ಅನ್ನೋದು ಬೇಡ ಮಿಸ್, ಅಳೆಯೋಣ ಅಂದಳು. ನಲವತ್ತಮೂರು ಮಕ್ಕಳು ಗೇಣು ಅಳೆದು ಬೋರ್ಡಿನ ಮೇಲೆ ಚುಕ್ಕಿ ಇಟ್ಟರು. ಸಣ್ಣ ಗೇಣು ಕೆಲವು, ದೊಡ್ಡವು ಕೆಲವು, ನಡುವೆ ಚುಕ್ಕಿಗಳ ಗುಡ್ಡ. ಒಂದೇ ವಂಶವಾಹಿ ಆಗಿದ್ರೆ ಎರಡೇ ಗುಂಪು ಆಗಬೇಕಿತ್ತು ಅಲ್ವಾ ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ನಿಜ ಹೇಳುತ್ತೇನೆ, ಇಷ್ಟು ವರ್ಷದಲ್ಲಿ ಅಲ್ಲಿಂದ ಅಂಥ ಪ್ರಶ್ನೆ ನಾನು ಕೇಳಿದ್ದೇ ಇಲ್ಲ. ಹಲವು ವಂಶವಾಹಿಗಳು ಕೂಡಿ, ಊಟ ಉಪಚಾರವೂ ಸೇರಿ ಒಂದು ಗುಣ ಆಗುತ್ತದೆ ಎನ್ನುವುದನ್ನು ಆ ಗುಡ್ಡವೇ ಅವರಿಗೆ ಹೇಳಿಕೊಟ್ಟಿತು.

ಹೊಸ ಚಟುವಟಿಕೆ ಬರೆದು ಜೊತೆಗೆ ಇಟ್ಟಿದ್ದೇನೆ. ಸರಿಯಾಗಿ ಅದೇ ಪುಟದಲ್ಲಿ ಕೂರುತ್ತದೆ, ಎಣಿಸಿ ನೋಡಿದ್ದೇನೆ. ಅಪ್ಪ ಅಮ್ಮನ ಮೈಯನ್ನು ಸಾಕ್ಷಿಗೆ ಕರೆಯುವ ಪ್ರಶ್ನೆ ಒಂದೂ ಇಲ್ಲ. ಸಮಿತಿಯವರು ಮೂಗು ಮುರಿದರೆ ನಲವತ್ತೊಂದು ಹಾಳೆ ತೋರಿಸು. ಮಕ್ಕಳ ಹೆಸರಿನ ಮೇಲೆ ಕಾಗದ ಅಂಟಿಸಿದ್ದೇನೆ. ಆ ಫಾರ್ಮಿನಲ್ಲಿ ಅರ್ಧ ಗೆರೆಯ ಬದಲು ಒಂದು ಪೂರ್ತಿ ಹಾಳೆ ಕೊಡಿ ಎಂದೂ ಹೇಳು, ಈಗಿನಂತೆ ಐದು ವರ್ಷಕ್ಕೊಮ್ಮೆ ಅಲ್ಲ, ಪ್ರತಿ ವರ್ಷ. ಮುಂದಿನ ಜೂನ್‌ನಲ್ಲಿ ಇನ್ನೊಂದು ಮಗು ಆ ಕೋಷ್ಟಕ ತುಂಬಬಾರದು ಗುಬ್ಬಿ. ನೀನು ಮಾಡಿಸುತ್ತೀ ಎಂದು ನನಗೆ ಗೊತ್ತು.

ನೀನು ಹೆಸರಿಟ್ಟ ಕಾಲಕ್ಕಿಂತ ದುಪ್ಪಟ್ಟು ದಪ್ಪಗಾದ
ನಿನ್ನ ಕಡ್ಡಿ

ಮತ್ತೆ: ಮೇಲೆ ಬರೆಯಲು ಮರೆತೆ ಎನ್ನಬಹುದಿತ್ತು, ಮರೆತಿರಲಿಲ್ಲ. ನನಗೆ ದೋಣಿ ಬರುವುದಿಲ್ಲ. ನಮ್ಮವರಿಗೂ ಬರುವುದಿಲ್ಲ. ಮಗನಿಗೆ ನಾಲ್ಕು ವರ್ಷಕ್ಕೇ ಬಂದಿತ್ತು. ಪುಸ್ತಕ ಅಚ್ಚಾದ ಮೊದಲ ವರ್ಷ ಮಾದರಿಗೆಂದು ನಮ್ಮ ಮನೆಯ ಕೋಷ್ಟಕವನ್ನೇ ಬೋರ್ಡಿನ ಮೇಲೆ ಹಾಕಿ, ತಾಯಿ ಎನ್ನುವ ಕಡೆ ‘ಹೌದು’ ಎಂದು ಬರೆದೆ. ಟೀಚರಿಗೆ ನಾಲಿಗೆ ತೋರಿಸಿ ಅಂತ ಯಾರು ಕೇಳುತ್ತಾರೆ? ಆ ಪುಟ ಸುಳ್ಳು ಎಂದು ಖಾತ್ರಿಯಾಗಿ ಗೊತ್ತಿದ್ದವಳು ನಾನು, ಆದರೂ ಪುಟದ ಮೇಲೆ ಅನುಮಾನಪಡಲು ಧೈರ್ಯ ಸಾಲದೆ ನನ್ನನ್ನೇ ತಿದ್ದಿಕೊಂಡೆ. ನಿನ್ನ ಬಾಯಿ ಮುಚ್ಚಿಸಿದ್ದೂ ಅದಕ್ಕೇ. ಬುಧವಾರ ಮಕ್ಕಳೆದುರು ಚಪ್ಪಟೆ ನಾಲಿಗೆ ಚಾಚಿ ತೋರಿಸಿದೆ, ಎರಡನೇ ಬೆಂಚು ಬಿದ್ದು ಬಿದ್ದು ನಕ್ಕಿತು. ಸಂಜೆ ನಮ್ಮವರಿಗೂ ಹೇಳಿದೆ. ಅವರು ಪೇಪರ್ ಮಡಚಿಟ್ಟು, ನಂಗೆ ಮೊದಲಿಂದ್ಲೂ ಆ ಪುಸ್ತಕದ ಮೇಲೇ ಅನುಮಾನ, ನೀನು ಅಷ್ಟು ಇಷ್ಟಪಟ್ಟು ಮಾಡಿದ್ದಲ್ವಾ ಅಂತ ಸುಮ್ನಿದ್ದೆ ಅಂದರು.