ಅಳಿಸದೆ ಉಳಿದ ವಿಳಾಸ

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 3.30

ನಗರಸಭೆಯ ದಾಖಲೆ ವಿಭಾಗಕ್ಕೆ ಇಂದು ಏಳು ಅರ್ಜಿ. ಆರು ಒಳಚರಂಡಿಯವು. ಏಳನೆಯದು ಶಾಲೆಯೊಂದರಲ್ಲಿ ನಡೆದ ಮಕ್ಕಳ ಜಗಳದ ಕಡತ ಬೇಕೆಂದು, ನಲವತ್ತೆರಡು ಪುಟ. ಹೆಸರಿಲ್ಲದ ಮೇಲ್. ಯಾರು, ಯಾಕೆ ಎಂದು ಕೇಳುವಂತಿಲ್ಲ. ಸ್ವೀಡನ್ನಿನಲ್ಲಿ ಸರಕಾರಿ ಕಾಗದ ಎಲ್ಲರದ್ದೂ — ಇಪ್ಪತ್ತೇಳು ವರ್ಷದಿಂದ ಇದನ್ನು ಹೆಮ್ಮೆಯಿಂದ ಹೇಳುತ್ತ ಬಂದವಳು ನಾನು.

ಕಡತದಲ್ಲಿ ಒಬ್ಬ ತಾಯಿ, ಒಂಬತ್ತು ವರ್ಷದ ಮಗಳು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವರು. ಅವರ ವಿಳಾಸ ಗುಟ್ಟು, ಅಂಥದ್ದನ್ನು ಮಾತ್ರ ಮುಚ್ಚಿ ಕೊಡಬೇಕು. ಹೊಸ ಸಾಫ್ಟ್‌ವೇರ್‌ನಲ್ಲಿ ಹೆಸರು, ಬೀದಿ, ಮನೆ ನಂಬರ್ — ಎಲ್ಲಕ್ಕೂ ಕಪ್ಪು ಹಾಕಿದೆ. ಹಳೇ ಅಭ್ಯಾಸ, ಒಂದು ಪುಟ ಪ್ರಿಂಟ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಏನೂ ಕಾಣಲಿಲ್ಲ. ಕಳಿಸಿದೆ.

ಆಮೇಲೆ ಕೆನೆ ತುಂಬಿದ ಬನ್. ಎರಡು. ಈಸ್ಟರ್‌ಗೆ ಮುಂಚಿನ ಉಪವಾಸ ನಾಳೆಯಿಂದ; ಹಿಂದಿನ ದಿನದ ಈ ಮಂಗಳವಾರ ತಿನ್ನದೆ ಇನ್ಯಾವಾಗ...

ಮಾರ್ಚ್ 5, ಬುಧವಾರ. 10.20

ಕಂಪ್ಯೂಟರ್ ವಿಭಾಗದ ಹೋಕನ್ ಕಾಫಿ ಹಿಡಿದು ಬಂದ. "ಹೊಸ ಸಾಫ್ಟ್‌ವೇರ್ ಜೊತೆ ಸಂಸಾರ ಹೇಗಿದೆ ಇಂಗೆಲಾ?" ನಿನ್ನೆಯ ಕಡತ ತೋರಿಸಿದೆ, ಸ್ವಲ್ಪ ಜಂಬದಿಂದಲೇ.

"ಕೊನೇ ಬಟನ್ ಒತ್ತಿದೀಯಲ್ಲ?"

"ಯಾವ ಕೊನೇ ಬಟನ್?"

ಅವನ ನಗು ನಿಂತಿತು. "ಕಪ್ಪು ಹಾಕೋದು ಬರೀ ಗುರುತು ಕಣೇ. ಆ ಬಟನ್ ಒತ್ತಿದ್ರೇನೇ ಕೆಳಗಿನ ಅಕ್ಷರ ಅಳಿಸೋದು." ಕಪ್ಪಾದ ಜಾಗವನ್ನು ಕಾಪಿ ಮಾಡಿ ಖಾಲಿ ಪುಟಕ್ಕೆ ಹಾಕಿದ. ಬೀದಿ. ಮನೆ ನಂಬರ್. ಕಟ್ಟಡದ ಬಾಗಿಲಿನ ಕೋಡ್ ಕೂಡ.



11.45

ಬಾಸ್ ಸಿಗ್ರಿಡ್‌ಗೆ ಹೇಳಿದೆ. "ಕಡತ ಕೇಳಿದ್ದು ಯಾರು?" ಎಂದಳು.

"ಅದನ್ನ ಕೇಳೋ ಹಾಗಿಲ್ವಲ್ಲ."

ಅವಳಿಗೂ ಗೊತ್ತು. ಆ ಹೆಸರಿಲ್ಲದ ವಿಳಾಸಕ್ಕೇ ಮೇಲ್ ಮಾಡಿದೆ — ದಯವಿಟ್ಟು ತೆರೆಯಬೇಡಿ, ಅಳಿಸಿಬಿಡಿ. ಉತ್ತರವಿಲ್ಲ. ನಿಮಿಷಕ್ಕೊಮ್ಮೆ ನೋಡುತ್ತಿದ್ದೇನೆ. ಕೇಳಿದವನು ಆ ಗಂಡನೇ ಆಗಿದ್ದರೆ? ನಾನೇ ಕೈಹಿಡಿದು ಮನೆ ತೋರಿಸಿದಂತಾಯಿತಲ್ಲ. ಭಯವಾಗುತ್ತಿದೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಸಮಾಜಕಲ್ಯಾಣದವರು ನಿನ್ನೆಯೇ ಆ ತಾಯಿಗೆ ತಿಳಿಸಿದ್ದರು. ಇಂದು ಅವಳೇ ಫೋನ್ ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವನು ಓದಿರ್ತಾನಾ?"

"ಗೊತ್ತಿಲ್ಲ... ತಪ್ಪು ನನ್ನದು."

"ಶನಿವಾರ ಮಗಳು ಫ್ರೆಂಡನ್ನ ಮನೆಗೆ ಕರ್ಕೊಂಡು ಬರೋದಿತ್ತು. ಮೊದಲ್ನೇ ಸಲ. ಈಗ ಅವಳಿಗೆ ಏನಂತ ಹೇಳ್ಲಿ? ನೀನೇ ಹೇಳು."



ಮಾರ್ಚ್ 11, ಮಂಗಳವಾರ. 9.10

ಉತ್ತರ ಬಂತು! ಹೆಸರು ಸಮೇತ. ಕಡತ ಕೇಳಿದ್ದು ಆ ಹುಡುಗಿಯದೇ ತರಗತಿಯ ಇನ್ನೊಂದು ಮಗುವಿನ ಅಜ್ಜಿ. ಪ್ರವಾಸ ಹೋಗಿದ್ದರಂತೆ. ಕಡತ ತೆರೆದೇ ಇರಲಿಲ್ಲವಂತೆ, ಈಗ ಅಳಿಸಿದ್ದಾರಂತೆ. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

9.40

ಸಮಾಜಕಲ್ಯಾಣಕ್ಕೆ ಫೋನ್ ಮಾಡಿದೆ. "ಯಾರೂ ಓದಿಲ್ಲ, ಎಲ್ಲೂ ಹೋಗೋದು ಬೇಡ ಅಂತ ಅವಳಿಗೆ ಹೇಳಿ!"

"ಶುಕ್ರವಾರಾನೇ ಹೋದ್ರು ಇಂಗೆಲಾ. ಹೊಸ ಊರು, ಹೊಸ ಹೆಸರು. ಎಲ್ಲಿದಾರೆ ಅಂತ ನಮಗೂ ಹೇಳಿಲ್ಲ."

ಹೇಳಬಾರದು, ಸರಿಯೇ. ಆದರೆ ಅವರು ಅಲ್ಲಿ ಒಂದೊಂದು ಸದ್ದಿಗೂ ಬೆಚ್ಚಿ ಬಾಗಿಲು ನೋಡುತ್ತಿರಬಹುದು. ಯಾರೂ ಬರುವುದಿಲ್ಲ ಎಂದು ನಾನು ಯಾವ ವಿಳಾಸಕ್ಕೆ ಬರೆಯಲಿ?