ಕೊರಳ ಬಿಲ್ಲೆ

ಸ್ಕಾರ್‌ಬರೋ, ಕೆನಡಾ
ಆಗಸ್ಟ್ 20, 2006

ನನ್ನ ಮುದ್ದು ಶರ್ವಾಣಿ,

ನೀನು ಫೋನ್ ಎತ್ತುತ್ತಿಲ್ಲ. ಮೆಸೇಜು ಬಿಟ್ಟು ಬಿಟ್ಟು ಸಾಕಾಗಿ ಕಾಗದ ಬರೆಯುತ್ತಿದ್ದೇನೆ. ಕನ್ನಡ ಓದುವುದು ನಿನಗೆ ನಿಧಾನ, ಆದರೂ ಕೊನೆಯವರೆಗೆ ಓದು. ನಿನ್ನ ಗಂಡ ಬೆನ್ ಕಂದಹಾರಕ್ಕೆ ಹೊರಟ ಮೇಲೆ ಪೆಟವಾವಾದ ಆ ಸೈನ್ಯದ ಕ್ವಾರ್ಟರ್ಸಿನಲ್ಲಿ ನೀನೊಬ್ಬಳೇ, ಅದೂ ಬಸುರಿ. ಏನು ತಿನ್ನುತ್ತೀಯೋ ಏನೋ ಅಂತ ನನಗೆ ಸಂಕಟ. ಟಿವಿ ಹಾಕಬೇಡ ಅಂತ ನಿನಗೆ ಬುದ್ಧಿ ಹೇಳುವ ನಾನೇ ಇಲ್ಲಿ ಬೆಳಗಿನಿಂದ ಅದನ್ನು ಆರಿಸಿಲ್ಲ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಸೈನಿಕರ ಕೊರಳಿನ ಬಿಲ್ಲೆಯಲ್ಲಿ ಹೆಸರು, ರಕ್ತದ ಗುಂಪಿನ ಜೊತೆ ಧರ್ಮವನ್ನೂ ಅಚ್ಚು ಹಾಕುತ್ತಾರೆ. ಯಹೂದಿ ಅಂತ ಹಾಕಿಸಬೇಡ, ಖಾಲಿ ಬಿಡು, ಶತ್ರುಗಳ ಕೈಗೆ ಸಿಕ್ಕರೆ ಗತಿಯೇನು ಅಂತ ನೀನು ಬೇಡಿಕೊಂಡೆ. ಬೆನ್ ಒಪ್ಪಿದ್ದ. ಹೊರಡುವ ಹೊತ್ತಿಗೆ ನೋಡಿದರೆ ಅಚ್ಚಾಗಿಬಿಟ್ಟಿದೆ. ಅವನ ತಾತನೇ ತಲೆ ಕೆಡಿಸಿದರು ಅಂತ ನೀನು ಮಾರಿಸ್ ಅವರ ಜೊತೆ ಮಾತೇ ಬಿಟ್ಟಿದ್ದೀಯಂತೆ.

ಕಳೆದ ತಿಂಗಳು ನಾನೇ ಅವರ ಮನೆಗೆ ಹೋಗಿದ್ದೆ, ನಿನ್ನ ಪರವಾಗಿಯೇ. ಕೋಡುಬಳೆ ಒಯ್ದಿದ್ದೆ. ಅವರ ಧರ್ಮದಲ್ಲೂ ಊಟಕ್ಕೆ ಮಡಿ ಇದೆಯಲ್ಲ, ಮಾಂಸ ಕಾಣದ ಅಡುಗೆಮನೆಯದು ತಾನೆ ಅಂತ ಕೇಳಿಕೊಂಡು, ಇಲ್ಲದ ಹಲ್ಲಿನಲ್ಲೇ ತಿಂದರು. ಮೊಮ್ಮಗನಿಗೆ ನೀವೂ ಹೇಳಿ, ಬೇಕಿದ್ದರೆ ಹಿಂದೂ ಅಂತ ಹಾಕಿಸಲಿ, ನಮ್ಮದೇನೂ ಅಭ್ಯಂತರವಿಲ್ಲ ಅಂದೆ. ಅವರು ನಗಲಿಲ್ಲ.

ಜರ್ಮನರ ಮೇಲಿನ ಯುದ್ಧಕ್ಕೆ ಹೋದಾಗ ಅವರೂ, ಅವರ ಸ್ನೇಹಿತ ಹ್ಯಾರಿಯೂ ಪ್ರಾಟೆಸ್ಟೆಂಟ್ ಅಂತ ಹಾಕಿಸಿಕೊಂಡಿದ್ದರಂತೆ. ಸೆರೆ ಸಿಕ್ಕರೆ ಜೀವ ಉಳಿಯಬೇಕಲ್ಲ. ಸೆರೆಯೇನೋ ಸಿಗಲಿಲ್ಲ, ಆದರೆ ಹಾಲೆಂಡಿನಲ್ಲಿ ಹ್ಯಾರಿ ಗುಂಡೇಟಿಗೆ ಹೋದ. ಬಿಲ್ಲೆ ನೋಡಿದವರು ಶಿಲುಬೆ ನೆಟ್ಟು ಹೂಳಿದರು. ಯಹೂದಿಗಳ ಪ್ರಾರ್ಥನೆ ಹೇಳುವವರೂ ಇರಲಿಲ್ಲ. ಗೋರಿಯ ಫೋಟೋ ಟೊರಾಂಟೋಗೆ ಬಂದಾಗ ಅವನ ತಾಯಿ, ಶಿಲುಬೆಯ ಕೆಳಗಿರುವವನು ನನ್ನ ಮಗನಲ್ಲ, ಇನ್ಯಾರೋ, ನನ್ನವನು ಬರುತ್ತಾನೆ ಅಂತ ಹಠ ಹಿಡಿದರಂತೆ. ಬಾಗಿಲಿಗೆ ಚಿಲಕ ಹಾಕಲು ಬಿಡದೆ, ಕಾಯುತ್ತ ಕಾಯುತ್ತಲೇ ತೀರಿಕೊಂಡರಂತೆ.

ನನಗೂ ರೇಗಿತು. ಆ ತಾಯಿಗೆ ಗುರುತು ಬೇಕಿತ್ತು, ನಮಗೆ ಹುಡುಗ ಬೇಕು ಅಂದೆ. ಆ ತಾಯಿಗೂ ಹುಡುಗನೇ ಬೇಕಿತ್ತು ಅಂದರು ಮಾರಿಸ್. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಚಿಲಕ ಹಾಕದ ಆ ಬಾಗಿಲೇ ನನ್ನ ಕಣ್ಣ ಮುಂದೆ.

ಮುದುಕರ ಮೇಲೆ ಸಿಟ್ಟು ಸಾಕು ಮಗಳೇ. ಅವರಿಗೂ ಅಲ್ಲಿರುವವನು ಒಬ್ಬನೇ ಮೊಮ್ಮಗ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಟೋಸ್ಟು ತಿಂದು ಮಲಗಬೇಡ.

ನಿನ್ನನ್ನೇ ನೆನೆಯುತ್ತಿರುವ
ಅಮ್ಮ ವಸಂತಾ

ಇನ್ನೊಂದು ಮಾತು. ಮಾರಿಸ್ ಮೊಮ್ಮಗನಿಗೆ ಏನೂ ಹೇಳಿಲ್ಲ. ನಾನು ಅವರ ಮನೆಗೆ ಹೋಗಿಬಂದ ಮೇಲೆ, ಬಿಲ್ಲೆಗೆ ವಿವರ ಕೊಡುವ ಮುಂಚೆ ಬೆನ್ ನನಗೇ ಫೋನ್ ಮಾಡಿದ್ದ. ಖಾಲಿ ಬಿಡ್ಲಾ ಅತ್ತೆ ಅಂತ ಅವನ ಅರೆಬರೆ ಕನ್ನಡದಲ್ಲಿ ಕೇಳಿದ. ಬಿಡು ಅನ್ನಲು ಬಾಯಿ ತೆರೆದವಳು, ನಿನ್ನದೇ ಹಾಕಿಸಪ್ಪ ಅಂದುಬಿಟ್ಟೆ. ಅಂದಿನಿಂದ ನನಗೆ ನಿದ್ದೆಯಿಲ್ಲ. ಅವನಿಗೇನಾದರೂ ಆದರೆ ನೀನು ಬೈಯಬೇಕಾದ್ದು ನನ್ನನ್ನು.