ಕುರುಗೋಡಿನ ಮೌತ್‌ಪೀಸ್

ಜೂನ್ 23, ಸೋಮವಾರ, ಬೆಳಿಗ್ಗೆ 11

ಎರಡು ಸ್ಯಾಕ್ಸೊಫೋನ್‌ಗೆ ಪ್ಯಾಡ್ ಹಾಕಿದ್ದಾಯಿತು. ಟ್ರಂಪೆಟ್ಟಿನ ಸೊಟ್ಟ ತೆಗೆಯುವುದು ಬಾಕಿ. ಇನ್ನು ಮೂರು ದಿನಕ್ಕೆ ಆಷಾಢ, ಮದುವೆಗಳಿಲ್ಲ. ಬ್ಯಾಂಡಿನವರೆಲ್ಲ ರಿಪೇರಿಗೆ ಕೌಲ್ ಬಜಾರಿನ ನಮ್ಮ ಅಂಗಡಿಗೇ ಬರಬೇಕು. ಮೊದಲು ಅಪ್ಪನನ್ನು ಕೇಳಿಕೊಂಡು ಬರುತ್ತಿದ್ದರು. ಈಗ ಹನ್ನೊಂದು ವರ್ಷದಿಂದ ‘ಮೀನಾಕ್ಷಮ್ಮ ಅದಾರೇನ್ರಿ?’

ಯರ್ರಿಸ್ವಾಮಿ ಬಂದಿದ್ದ, ಸಿರುಗುಪ್ಪದ ಬ್ಯಾಂಡ್ ಮಾಸ್ಟರ್. ಕರ್ಚೀಫಿನಿಂದ ಒಂದು ಹಳೆ ಕ್ಲಾರಿನೆಟ್ ಮೌತ್‌ಪೀಸ್ ಬಿಚ್ಚಿ ಇಟ್ಟ.

“ಅಕ್ಕಾ, ಫ್ರಾನ್ಸ್ ಮಾಲು ಇದು. ನೂರು ವರ್ಷದ್ದು. ಬೆಂಗ್ಳೂರಾಗ ಹಳೇ ಸಾಮಾನು ತಗೊಳ್ಳೋರೊಬ್ರು ಅದಾರ. ಇದು ಎಂಥಾದ್ದು ಅಂತ ನಿಮ್ಮ ಕೈಲಿ ಚೀಟಿ ಬರಸ್ಕೊಂಡು ಬಾ ಅಂದಾರ.”

“ನೋಡ್ಲಾರದ ಬರಿಯಂಗಿಲ್ಲ. ಬಿಟ್ಟು ಹೋಗು.”

ಸಂಜೆ 5

ಕಪ್ಪಲ್ಲ. ಹಸಿರು ಬೆರೆತ ಕಂದು. ಹೆಬ್ಬೆರಳಿಂದ ಜೋರಾಗಿ ತಿಕ್ಕಿ ಮೂಸಿದೆ — ಗಂಧಕದ ವಾಸನೆ. ಎಬೊನೈಟ್, ಅಂದರೆ ಗಟ್ಟಿ ರಬ್ಬರ್. ಪ್ಲಾಸ್ಟಿಕ್ ಅಲ್ಲವೇ ಅಲ್ಲ. ಯಾರೋ ಬಿಸಿನೀರಲ್ಲಿ ತೊಳೆದಿದ್ದಾರೆ, ಅದಕ್ಕೇ ಈ ಬಣ್ಣ. ಕಂಪನಿ ಹೆಸರು ಸವೆದಿದೆ, ಲೆನ್ಸ್ ಹಿಡಿದರೂ ಎರಡು ಅಕ್ಷರದ ಗುಳಿ ಮಾತ್ರ. ಹಳೆಯದು ನಿಜ. ಫ್ರಾನ್ಸ್ ಅನ್ನಲು ಆಧಾರವಿಲ್ಲ. ತುದಿ ಎಲ್ಲೂ ಮುಕ್ಕಾಗಿಲ್ಲ. ಮೇಲೆ ಹಲ್ಲಿನ ಗುಳಿ, ಆಳವಾಗಿ. ಒಬ್ಬನೇ ಬಹಳ ವರ್ಷ ಊದಿದ್ದಾನೆ.

ಆಮೇಲೆ ಗಾಜು. ಊದಿದಾಗ ಅದುರುವ ತೆಳು ರೀಡ್ ಕೂರುವ ಮುಖವನ್ನು ಗಾಜಿನ ಮೇಲಿಟ್ಟು, ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿದೆ. ಬಲ ಅಂಚಿನಲ್ಲಿ ಹೋದಷ್ಟು ದೂರ ಎಡ ಅಂಚಿನಲ್ಲಿ ಹೋಗುವುದಿಲ್ಲ. ತಿರುಚಿಕೊಂಡಿದೆ — ಬಿಸಿನೀರಿನದೇ ಕೆಲಸ. ನೂರಕ್ಕೆ ನೂರು.

ನಾಳೆ ಎಮರಿ ಪೇಪರಿನಲ್ಲಿ ತಿಕ್ಕಿ ಎರಡೂ ಅಂಚು ಸಮ ಮಾಡಿಕೊಡಬೇಕು. ಅರ್ಧ ಗಂಟೆ ಸಾಕು.

ಜೂನ್ 24, ಮಂಗಳವಾರ

ಪುಣ್ಯಕ್ಕೆ ತಿಕ್ಕುವ ಮೊದಲು ಒಮ್ಮೆ ಊದಿದೆ.

ಕೆಳಗಿನ ಸ್ವರಗಳು ತುಂಬಿಕೊಂಡು ಬಂದವು. ಮೇಲಕ್ಕೆ ಹೋದರೆ ಕೀಚಲು. ಸುಮ್ಮನೆ ಒಂದು ಪ್ರಯೋಗ — ಕೆಳತುಟಿಯ ಎಡಭಾಗ ಸಡಿಲ ಬಿಟ್ಟೆ. ಅಷ್ಟೇ! ಮೇಲಿನ ಸ್ವರ ಸಲೀಸಾಗಿ ತೆರೆದುಕೊಂಡಿತು. ಎದುರಿನ ಪಂಕ್ಚರ್ ಅಂಗಡಿಯ ವೆಂಕಣ್ಣ ಟ್ಯೂಬ್ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಂತ.

ಮತ್ತೆ ಅಳೆದೆ, ಐದು ದಪ್ಪದ ಪಟ್ಟಿಗಳಲ್ಲಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಒಂದೇ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. ಬಿಸಿನೀರಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಇದು ತಿರುಚಿದ್ದಲ್ಲ. ಬೇಕೆಂದೇ ತಿಕ್ಕಿದ್ದು. ನೂರಕ್ಕೆ ನೂರು ಅಂದವಳು ನಾನು... ಎಮರಿ ಪೇಪರ್ ಮಡಚಿ ಡ್ರಾಯರಿಗೆ ಹಾಕಿದೆ.

ಯರ್ರಿಸ್ವಾಮಿಗೆ ಫೋನ್. “ಕುರುಗೋಡು ಸುಂಕಪ್ಪ ತಾತನ ಮನಿಯಾಗ ತಗೊಂಡೆ ಅಕ್ಕಾ. ಅವ್ರು ಊದೋದು ಬಿಟ್ಟು ಹತ್ತು ವರ್ಷಾತು.”

ಸುಂಕಪ್ಪ! ಅವರು ತಮ್ಮ ಮೌತ್‌ಪೀಸ್ ತಾವೇ ತಿಕ್ಕಿಕೊಳ್ಳುತ್ತಾರೆ ಎಂದು ಅಪ್ಪ ಎಷ್ಟು ಸಲ ಹೇಳಿಲ್ಲ. ಅಂಥ ಕೈ ಇಲ್ಲೇ ಒಂದು ಗಂಟೆಯ ದಾರಿಯಲ್ಲಿತ್ತು.

ಜೂನ್ 26, ಗುರುವಾರ, ಸಂಜೆ

ಕುರುಗೋಡಿಗೆ ಹೋಗಿ ಬಂದೆ.

ಸುಂಕಪ್ಪ ತಾತ ಕಟ್ಟೆಯ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ, ದನಿ ಇನ್ನೂ ಗಟ್ಟಿ. ಅವರ ಹೆಂಡತಿ ದೊಡ್ಡಬಸಮ್ಮ ಪಕ್ಕದಲ್ಲಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಮೌತ್‌ಪೀಸ್ ತಾತನ ಕೈಗೆ ಕೊಟ್ಟೆ.

“ತಾತಾ, ಎಡಗಡಿ ಅಂಚು ಯಾಕ ಕಮ್ಮಿ ತಿಕ್ಕಿದ್ರಿ?”

ತಾತ ಅದನ್ನು ತಿರುಗಿಸಿ ನೋಡಿದರು. ಬಾಯಿ ತೆರೆದು ತೋರಿಸಿದರು — ಕೆಳಗೆ ಎಡಗಡೆ ಎರಡು ಹಲ್ಲಿಲ್ಲ.

“ಮೂವತ್ತು ವರ್ಷದ ಹಿಂದ ಸೈಕಲ್ ಮ್ಯಾಲಿಂದ ಬಿದ್ದೆ. ಆ ಕಡಿ ತುಟಿಗೆ ಆಸರ ಇಲ್ಲ. ಊದಿದ್ರ ಗಾಳಿ ಸೋರತಿತ್ತು. ಅದಕ್ಕ ಆಕಡಿ ಸಂದು ಕಮ್ಮಿ ಇಟ್ಟಿದ್ದು.”

“ಎಂಥಾ ಕೈ ತಾತಾ ನಿಮ್ಮದು!”

ತಾತ ಹೆಂಡತಿಯ ಕಡೆ ನೋಡಿದರು. ಮೊರದ ಸದ್ದು ನಿಂತಿತು.

“ನನ್ನ ಕೈ ಅಲ್ಲವ್ವ,” ಅಂದರು. “ಅಕೀದು.”

ದೊಡ್ಡಬಸಮ್ಮ ತಲೆ ಎತ್ತಲಿಲ್ಲ. ತೊಗರಿಯಲ್ಲಿ ಕಲ್ಲು ಹುಡುಕುತ್ತಲೇ ಹೇಳಿದರು: “ಮದುವ್ಯಾದ ಹೊಸದ್ರಾಗ ಇವ್ರು ತಿಕ್ಕಿ ತಿಕ್ಕಿ ಮೂರು ಕೆಡಿಸಿದ್ರು. ನಾಕನೇದು ನಾ ಕಸಗೊಂಡೆ.”

ಆಮೇಲೆ ತೆಕ್ಕಲಕೋಟೆ, ರೂಪನಗುಡಿ, ಎಲ್ಲೆಲ್ಲಿಂದಲೋ ಊದುವವರು ಬರುತ್ತಿದ್ದರಂತೆ. ತಾತ ಕಟ್ಟೆಯ ಮೇಲೆ ಅವರಿಗೆ ಚಹಾ ಕುಡಿಸುತ್ತ ಕೂತರೆ, ಒಳಗೆ ಗಾಜಿನ ಮೇಲೆ ತಿಕ್ಕುತ್ತಿದ್ದದ್ದು ಇವರು.

“ಹೇಳಬೇಕಿತ್ತಲ್ಲವ್ವ ನೀವು.”

“ಯಾರು ಕೇಳಿದ್ರು?”

ತಾತ ಮುಖ ಆ ಕಡೆ ತಿರುಗಿಸಿದರು. “ನಾ ಹೇಳಬೇಕಿತ್ತು,” ಅಂದರು, ಮೆಲ್ಲಗೆ.

ನಾನಾದರೂ? ನೇರ ತಾತನ ಕೈಗೇ ಕೊಟ್ಟೆ. ನಾನು — ದಿನಾ ಇದೇ ಕೆಲಸ ಮಾಡುವ ಹೆಂಗಸು.

ದೊಡ್ಡಬಸಮ್ಮ ಕೈ ಒರೆಸಿಕೊಂಡು ಮೌತ್‌ಪೀಸ್ ತೆಗೆದುಕೊಂಡರು. ಕಣ್ಣಿಗೆ ಪೊರೆ ಬಂದಿದೆ. ಉಗುರಿನ ತುದಿಯನ್ನು ಅಂಚಿನ ಮೇಲೆ ಒಮ್ಮೆ ಎಳೆದರು. “ಇನ್ನೊಂದೀಟು ತಿಕ್ಕಬೇಕಿತ್ತು ಇಲ್ಲಿ. ಆವತ್ತು ಮನಿಗೆ ನೆಂಟರು ಬಂದುಬಿಟ್ರು.”

ಆ ಅಂಚನ್ನು ಓದಲು ನನಗೆ ಐದು ಪಟ್ಟಿ ಬೇಕಾಗಿತ್ತು, ಇವರಿಗೆ ಒಂದು ಉಗುರು.

ಜುಲೈ 2, ಬುಧವಾರ

ಯರ್ರಿಸ್ವಾಮಿಗೆ ಚೀಟಿ ಕೊಟ್ಟೆ. ಎಬೊನೈಟ್, ಹಳೆಯದು, ಯಾವ ದೇಶದ್ದೆಂದು ಹೇಳಲಾಗದು, ಊದಲು ಉತ್ತಮ. ಅಂಚು ತಿಕ್ಕಿದವರು ಕುರುಗೋಡಿನ ದೊಡ್ಡಬಸಮ್ಮ. ಓದಿ ಮುಖ ಗಂಟು ಹಾಕಿಕೊಂಡ.

“ಫ್ರಾನ್ಸ್ ಅಂತ ಒಂದು ಮಾತು ಬರದ್ರ ನಿಮಗೇನು ಹೊಕ್ಕೇತಿ ಅಕ್ಕಾ? ಹೋಗ್ಲಿ. ಹೆಣ್ಮಗಳು ತಿಕ್ಕಿದ್ದು ಅಂದ್ರ ಯಾರು ನಂಬ್ತಾರ?”

“ಚೀಟಿ ಬರಸಾಕ ಹೆಣ್ಮಗಳತ್ರ ಬಂದೀಯಲ್ಲ. ಆಗ ನಂಬಿಕಿ ಇತ್ತೇನು?”

ಅವನ ಕೈಗೇ ಕ್ಲಾರಿನೆಟ್ ಕೊಟ್ಟು, ತುಟಿ ಹೇಗೆ ಹಿಡಿಯಬೇಕೆಂದು ತೋರಿಸಿದೆ. ತಂದವನೇ ಇದುವರೆಗೆ ಊದಿ ನೋಡಿರಲಿಲ್ಲ! ಊದಿದ. ನಿಲ್ಲಿಸಿ ನನ್ನ ಮುಖ ನೋಡಿದ. ಮತ್ತೆ ಊದಿದ, ಹತ್ತು ನಿಮಿಷ.

ಚೀಟಿ ಮಡಚಿ ಜೇಬಿಗಿಟ್ಟು ಹೊರಟ. ಬಾಗಿಲಿನಿಂದ ತಿರುಗಿ ಬಂದು ತನ್ನ ಸ್ವಂತ ಮೌತ್‌ಪೀಸ್ ಮೇಜಿನ ಮೇಲಿಟ್ಟ. “ಆ ಅವ್ವ ಇದನ್ನೂ ತಿಕ್ಕಿ ಕೊಡ್ತಾರೇನು, ಒಂದು ಮಾತು ಕೇಳ್ರಿ.”

ಜುಲೈ 13, ಭಾನುವಾರ, ಕುರುಗೋಡಿನಿಂದ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಇರಲಿ.

ದೊಡ್ಡಬಸಮ್ಮ ಯರ್ರಿಸ್ವಾಮಿಯ ಮೌತ್‌ಪೀಸ್ ಮುಟ್ಟಲಿಲ್ಲ. “ಮೊದ್ಲು ಅವನ ಬಾಯಿ ಕರ್ಕೊಂಡು ಬಾ,” ಅಂದರು. “ಬಾಯಿ ನೋಡ್ಲಾರದ ಹ್ಯಾಂಗ ತಿಕ್ಕಲಿ?” ನಾನು ಜೊತೆಗೆ ಒಯ್ದಿದ್ದ ನನ್ನ ಮೌತ್‌ಪೀಸ್ ತೆಗೆದುಕೊಂಡು ನನ್ನ ಬಾಯಿ ತೆರೆಸಿ, ಹಲ್ಲಿನ ಸಾಲಿನ ಮೇಲೆ ಬೆರಳಾಡಿಸಿದರು. ಬಾಗಿಲ ಬಳಿ ಗಾಜು ಹಾಸಿದರು. ಈ ಸಲ ಒಳಗಲ್ಲ, ಕಟ್ಟೆಯ ಮೇಲೆ. ಹಾದು ಹೋಗುವವರು ನಿಂತು ಕೇಳಿದರೆ ತಾತನೇ ಹೇಳುತ್ತಿದ್ದರು — “ನಮ್ಮಾಕಿ ತಿಕ್ಕತಾಳ. ಮೊದ್ಲಿಂದ್ಲೂ ಅಕೀನ.”

ಆಮೇಲೆ ನನ್ನ ಕೈಗೆ ಕೊಟ್ಟರು. “ಕಣ್ಣು ಮುಚ್ಚು. ಉಗುರು ಎಳಿ.”

ಮೊದಲು ಏನೂ ತಿಳಿಯಲಿಲ್ಲ. ಮೂರನೇ ಸಲ ಒಂದು ಕಡೆ ಉಗುರು ತಡೆಯಿತು. ಇಲ್ಲಿ, ಅಂದೆ.

“ಎಷ್ಟು?”

ಗೇಜಿಗೆ ಕೈ ಹಾಕಿದೆ. ಮಣಿಕಟ್ಟು ಹಿಡಿದರು. “ಹಂಗ ಹೇಳು.”

ಹೇಳಿದೆ. ದೊಡ್ಡಬಸಮ್ಮ ತಾವೂ ಉಗುರು ಎಳೆದು ನೋಡಿ, ನನ್ನ ಕಡೆ ತಿರುಗಿ ಎಮರಿ ಪೇಪರ್ ಚಾಚಿದರು. “ಹೌದು. ಇನ್ನ ನೀನ ತಿಕ್ಕು.”